ಪಂಪಾಪತಿಯ ಹುಬ್ಬು

ಅಡವಯ್ಯಜ್ಜನವರು ನೀರಿನ ಮೇಲೆ ನಡೆದದ್ದನ್ನು ಯಾರೂ ನೋಡಿಲ್ಲ. ಹರಿಗೋಲು ತಡವಾಯಿತೆಂದು ಹೊಳೆಯ ದಡದಲ್ಲಿ ನಿಂತು ಗೊಣಗಿದ್ದನ್ನು ಮಾತ್ರ ಊರೆಲ್ಲ ನೋಡಿದೆ.

ಅವರ ಆಶ್ರಮವೂ ಅಂಥದ್ದೇ. ಎರಡು ಕೋಣೆ, ಒಂದು ಪಡಸಾಲೆ, ಒಂದು ಬೇವಿನ ಮರ. ಪಡಸಾಲೆಯಲ್ಲಿ ಐದನೆಯ ತರಗತಿಯವರೆಗೆ ಶಾಲೆ.

ಪಂಪಾಪತಿ ಅಲ್ಲಿಗೆ ಬಂದದ್ದು ಆತ್ಮದ ವಿಚಾರ ಕೇಳಲು. ಅಜ್ಜನವರು ಅವನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವನ ಕೈಗೆ ಸೀಮೆಸುಣ್ಣ ಕೊಟ್ಟರು.

"ಐದನೇ ಕ್ಲಾಸಿನ ಹುಡುಗರಿಗೆ ಭಿನ್ನರಾಶಿ ಬರವಲ್ದು. ಮೊದಲ ಅದನ್ನ ನೋಡು."

ಆತ್ಮದ ವಿಚಾರ ಅಂದಿನಿಂದ ಬಾಕಿ ಇದೆ.

ಹೊಳೆಯ ಆಚೆ ಒಂದು ವಸತಿ ಶಾಲೆ. ಅಲ್ಲಿ ಆರನೆಯ ತರಗತಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಒಬ್ಬರಿಗೆ ಒಂದೇ ಸಲ ಅವಕಾಶ. ಪಾಸಾದವರಿಗೆ ಊಟ, ವಸತಿ, ಹತ್ತನೆಯವರೆಗೆ ಓದು. ಆಗದವರಿಗೆ ಮೆಣಸಿನಕಾಯಿ ಹೊಲ.

ಹಿಂದಿನ ವರ್ಷ ಪಂಪಾಪತಿಯ ಮಕ್ಕಳಲ್ಲಿ ಒಬ್ಬರೂ ಪಾಸಾಗಿರಲಿಲ್ಲ. ಪಡಸಾಲೆಯಲ್ಲಿ ಅವರಿಗೆ ಎಲ್ಲ ಬರುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಏನೂ ಬರಲಿಲ್ಲ. ಪಂಪಾಪತಿ ಕಾರಣಗಳನ್ನು ಹುಡುಕಿದ. ಪ್ರಶ್ನೆಗಳು ಸರಿ ಇರಲಿಲ್ಲ, ಮಕ್ಕಳು ಅಂಜಿದ್ದರು, ಫ್ಯಾನು ಬಹಳ ಸದ್ದು ಮಾಡುತ್ತಿತ್ತು. ತಾನೇ ಕಾರಣವಿರಬಹುದು ಎಂಬ ಯೋಚನೆ, ಒಳ್ಳೆಯ ಮಾಸ್ತರರಿಗೆ ಬಾರದಂತೆ, ಅವನಿಗೂ ಬರಲಿಲ್ಲ.

ಈ ವರ್ಷ ಅವನ ಭರವಸೆಯೆಲ್ಲ ಹುಲಿಗೆಮ್ಮನ ಮೇಲಿತ್ತು. ಹರಿಗೋಲು ನಡೆಸುವ ದುರಗಪ್ಪನ ಮಗಳು. ದುರಗಪ್ಪ ತನ್ನ ಮಾತನ್ನು ಮೊದಲೇ ಹೇಳಿಬಿಟ್ಟಿದ್ದ.

"ಪಾಸಾದ್ರ ನಾನ ಕರಕೊಂಡು ಹೋಗಿ ಬಿಟ್ಟು ಬರ್ತೀನಿ ಮಾಸ್ತರ. ಇಲ್ಲಂದ್ರ ಅವರವ್ವನ ಜೋಡಿ ಹೊಲಕ್ಕ ಹೋಗ್ಲಿ. ಸುಮ್ಮನ ಮನ್ಯಾಗ ಕುಂದ್ರಿಸಿಕೊಂಡು ಏನ ಮಾಡ್ಲಿ?"

"ಪಾಸಾಗ್ತಾಳ ಬಿಡು ದುರಗಪ್ಪಣ್ಣ. ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾಳ."

"ಹೋದ ವರ್ಷದ ಹುಡುಗರಿಗೂ ಹಿಂಗ ಅಂದಿದ್ರಿ," ಎಂದು ದುರಗಪ್ಪ ಹುಟ್ಟು ಹಾಕಿ ಹೊರಟುಹೋದ.

ಮಾತು ಚುಚ್ಚಿತು. ಪಂಪಾಪತಿ ನೇರ ಅಜ್ಜನವರ ಬಳಿಗೆ ಹೋದ.

"ಅಜ್ಜಾರ, ಒಮ್ಮೆ ಬಂದು ಪಾಠ ನೋಡ್ರಿ. ಮಕ್ಕಳು ಒಂದೂ ತಪ್ಪಂಗಿಲ್ಲ."

"ಒಂದೂ?"

"ಒಂದೂ ತಪ್ಪಂಗಿಲ್ರಿ."

"ಹಂಗಿದ್ರ ಏನೋ ಕೆಟ್ಟೈತಿ," ಎಂದು ಅಜ್ಜನವರು ಮೊಣಕಾಲು ಹಿಡಿದು ಎದ್ದರು.

ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಪಂಪಾಪತಿ ಎದುರಿಗೆ ನಿಂತ. ಅಜ್ಜನವರು ಕಂಬಕ್ಕೆ ಒರಗಿದರು.

"ಹುಲಿಗೆಮ್ಮ, ಮುಕ್ಕಾಲು ದೊಡ್ಡದೋ, ಮೂರರಾಗ ಎರಡು ಭಾಗ ದೊಡ್ಡದೋ?"

"ಮೂರರಾಗ..." ಎಂದು ಹುಲಿಗೆಮ್ಮ ತಡೆದಳು. "ಅಲ್ರಿ ಸರ. ಮುಕ್ಕಾಲು ದೊಡ್ಡದು."

"ಶಭಾಷ್! ಯಂಕೋಬ, ಇಪ್ಪತ್ತೇಳು ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲೋ?"

"ಹೌ..." ಎಂದ ಯಂಕೋಬ. ಅವನು ಹುಲಿಗೆಮ್ಮನ ಪಕ್ಕದ ಸಾಲಿನವನು. "ಅಲ್ಲ, ಅಲ್ರಿ ಸರ."

"ನೋಡಿದ್ರೇನ್ರಿ ಅಜ್ಜಾರ?"

ಅಜ್ಜನವರು ನೋಡಿದ್ದರು. ಆದರೆ ಮಕ್ಕಳನ್ನಲ್ಲ, ಪಂಪಾಪತಿಯನ್ನು.

ಅವರು ಹತ್ತಿರ ಬಂದರು. ಹೆಗಲ ಮೇಲಿನ ಕಂಬಳಿ ತೆಗೆದು ಪಂಪಾಪತಿಯ ತಲೆಯ ಮೇಲೆ ಹಾಕಿ ಎದೆಯವರೆಗೆ ಇಳಿಬಿಟ್ಟರು.

"ಏನ್ರಿ ಇದು?" ಕಂಬಳಿಯೊಳಗಿನಿಂದ ಪಂಪಾಪತಿ ಕೇಳಿದ.

"ಏನಿಲ್ಲ. ಮುಕ್ಕಾಲಿಂದು ಇನ್ನೊಮ್ಮೆ ಕೇಳು."

"ಈಗ ಹೇಳಿದ್ಲಲ್ರಿ."

"ಹೇಳಿದ್ದನ್ನ ಹೇಳಾಕ ಆಕಿಗೇನು ತ್ರಾಸು? ಕೇಳು."

ಪಂಪಾಪತಿ ಕೇಳಿದ.

"ಮೂರರಾಗ ಎರಡು..." ಎಂದು ಹುಲಿಗೆಮ್ಮ ಕಾದಳು. ಕಂಬಳಿ ಅಲುಗಲಿಲ್ಲ. "ಮುಕ್ಕಾ..." ಎಂದು ಮತ್ತೆ ಕಾದಳು. ಕೊನೆಗೆ ಬೇಸರದಿಂದ ಹೇಳಿದಳು, "ಸರ, ನೀವು ಕಾಣವಲ್ರಿ."

"ನನ್ನ ಯಾಕ ನೋಡ್ಬೇಕವಾ? ಉತ್ತರ ಹೇಳು."

"ಹುಬ್ಬು ನೋಡ್ಬೇಕಲ್ರಿ."

ಮಕ್ಕಳೆಲ್ಲ ನಕ್ಕರು. ಅವರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗೊತ್ತಿಲ್ಲದವನು ಕಂಬಳಿಯೊಳಗಿದ್ದ.

ಯಂಕೋಬ ಎದ್ದು ನಿಂತು ವಿವರಿಸಿದ. "ನಾವು ತಪ್ಪು ಹೇಳಾಕ ಹತ್ತಿದ್ರ ನಿಮ್ಮ ಎಡಗಡಿ ಹುಬ್ಬು ಏಳತೈತ್ರಿ ಸರ. ಸರಿ ಇದ್ರ ಸೀಮೆಸುಣ್ಣ ತಿರುವ್ತೀರಿ. ಬಾಳ ಸರಿ ಇದ್ರ ಹಲ್ಲು ಕಾಣ್ತಾವ್ರಿ."

ಪಂಪಾಪತಿ ಕಂಬಳಿ ತೆಗೆದ. ಮುಖ ಕೆಂಪಾಗಿತ್ತು. ಒಂದು ವಿಷಯವನ್ನಂತೂ ಆ ಮಕ್ಕಳು ಆಳವಾಗಿ ಅಭ್ಯಾಸ ಮಾಡಿದ್ದರು. ಆ ವಿಷಯ ಪರೀಕ್ಷೆಗೆ ಇರಲಿಲ್ಲ.

"ಆಕಿ ಕಂಬಳಿ ನೋಡಿ ಗಾಬರಿ ಆಗ್ಯಾಳ್ರಿ ಅಜ್ಜಾರ. ಆಕಿಗೆ ಬರ್ತೈತಿ."

"ಪರೀಕ್ಷಾಕ್ಕ ನಿನ್ನ ಹುಬ್ಬಿಗೂ ಹಾಲ್ ಟಿಕೆಟ್ ಕೊಟ್ಟಾರೇನು?" ಎಂದು ಅಜ್ಜನವರು ಕಂಬಳಿ ಕೊಡವಿಕೊಂಡು ಹೊಳೆಯ ಕಡೆ ನಡೆದರು.

ಮರುದಿನದಿಂದ ಪಂಪಾಪತಿ ಮುಖವನ್ನು ಕಲ್ಲು ಮಾಡಿಕೊಂಡ. ಹುಬ್ಬು ಅಲುಗಿಸಲಿಲ್ಲ, ನಗಲಿಲ್ಲ, ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡ. ವಾರ ಕಳೆಯುವಷ್ಟರಲ್ಲಿ ಮಕ್ಕಳು ಮತ್ತೆ ಒಂದೂ ತಪ್ಪದೆ ಹೇಳತೊಡಗಿದರು. ಅವನು ಹಿಗ್ಗಿ ಯಂಕೋಬನನ್ನು ಪಕ್ಕಕ್ಕೆ ಕರೆದ.

"ಈಗ ಯಾವ ಹುಬ್ಬು ನೋಡಿದ್ಯೋ?"

"ಈಗ ಹೆಬ್ಬೆರಳು ನೋಡ್ತೀವ್ರಿ ಸರ. ಬಲಗಾಲಿಂದು."

ಪಂಪಾಪತಿ ತನ್ನ ಕಾಲನ್ನು ನೋಡಿಕೊಂಡ. ಹೆಬ್ಬೆರಳು ಎದ್ದಿತ್ತು.

ಸಂಜೆ ಅಜ್ಜನವರ ಮುಂದೆ ಕೂತ. ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಏನ ಮಾಡ್ಲಿರಿ ಅಜ್ಜಾರ? ನನ್ನ ಮೈಯಾಗ ಯಾವುದೂ ಸುಮ್ಮನ ಇರವಲ್ದು."

"ಮಕ್ಕಳಿಗೆ ಬೆನ್ನು ಹಾಕಿ ಕುಂದ್ರು. ಗೋಡಿ ನೋಡು. ಅವರು ಏನ ಹೇಳಿದ್ರೂ ಒಂದ ಮಾತು ಕೇಳು: ನಿನಗ ಹೆಂಗ ಗೊತ್ತು?"

"ಸರಿ ಹೇಳಿದ್ರ?"

"ಅದನ್ನ ಕೇಳು."

"ತಪ್ಪು ಹೇಳಿದ್ರ?"

"ಅದನ್ನ."

"ತಪ್ಪು ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂದ್ರಲೇನ್ರಿ? ನಾ ಮಾಸ್ತರ ಅದೀನಿ."

"ತಪ್ಪು ಅವರದೈತಿ. ನೀ ಯಾಕ ಕಸಗೊಂತಿ?"

ಪಂಪಾಪತಿ ಗೋಡೆಗೆ ಮುಖ ಮಾಡಿ ಕೂತ. ಪಡಸಾಲೆಯ ಗೋಡೆಯಲ್ಲಿ ಒಂದು ಬಿರುಕು ಇತ್ತು. ಮುಂದಿನ ದಿನಗಳಲ್ಲಿ ಅವನು ಅದನ್ನು ಬಹಳ ಹತ್ತಿರದಿಂದ ಪರಿಚಯ ಮಾಡಿಕೊಂಡ.

ಬೆನ್ನ ಹಿಂದೆ ಎಲ್ಲ ಕುಸಿಯಿತು. ಬರುತ್ತಿದ್ದ ಮಗ್ಗಿ ಬರಲಿಲ್ಲ. ಸರಿ ಇದ್ದ ಉತ್ತರಗಳು ಸಾಲುಸಾಲಾಗಿ ತಪ್ಪಿದವು. ಪ್ರತಿಯೊಂದಕ್ಕೂ ಪಂಪಾಪತಿ "ನಿನಗ ಹೆಂಗ ಗೊತ್ತು?" ಎಂದು ಕೇಳಿದ. ಪ್ರತಿ ಸಲವೂ "ಗೊತ್ತಿಲ್ರಿ" ಎಂಬ ಉತ್ತರ ಬಂತು. ಆ ಒಂದು ಉತ್ತರ ಮಾತ್ರ ಸರಿಯಾಗಿತ್ತು.

ಸುದ್ದಿ ಹೊಳೆಯವರೆಗೆ ಹೋಯಿತು. ದುರಗಪ್ಪ ಹರಿಗೋಲು ಕಟ್ಟಿ, ಅಜ್ಜನವರ ಎದುರಿಗೆ ಬಂದು ನಿಂತ.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ಮೊದಲ ಎಲ್ಲಾ ಸರಿ ಹೇಳ್ತಿದ್ಲು. ಈಗ ಎಲ್ಲಾ ತಪ್ಪು ಹೇಳಾಕತ್ಯಾಳ. ಮಾಸ್ತರು ಗೋಡಿ ನೋಡಿಕೊಂತ ಕುಂತಾರ. ಗೋಡಿಗೆ ಪಾಠ ಹೇಳ್ತಾರೇನ್ರಿ?"

ಪಂಪಾಪತಿ ಪಕ್ಕದಲ್ಲೇ ಇದ್ದ. ಅದೇ ಪ್ರಶ್ನೆ ಅವನಿಗೂ ಇತ್ತು.

"ದುರಗಪ್ಪ," ಎಂದರು ಅಜ್ಜನವರು, "ಹರಿಗೋಲಿನ ತಳದಾಗ ತೂತು ಬಿದ್ದದ್ದು ನಿನಗ ಯಾವಾಗ ತಿಳಿಬೇಕು? ದಡದಾಗೋ, ನಡು ಹೊಳಿಯಾಗೋ?"

"ಐತಿ ಅಂತ ದಡದಾಗ ಗೊತ್ತಾತಲ್ರಿ. ತೂತು ಮುಚ್ಚೋರು ಯಾರು?"

ಪ್ರಶ್ನೆ ಒಳ್ಳೆಯದಿತ್ತು. ಮುಚ್ಚಬೇಕಾದವಳು ಅಷ್ಟರಲ್ಲಿ ಪಡಸಾಲೆಯಲ್ಲಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ಮೂರರಾಗ ಎರಡು ಭಾಗನ ದೊಡ್ಡದು," ಎಂದು ಹುಲಿಗೆಮ್ಮ ಆ ದಿನ ಬೆಳಿಗ್ಗೆ ಧೈರ್ಯವಾಗಿ ಹೇಳಿದ್ದಳು. "ನಿನಗ ಹೆಂಗ ಗೊತ್ತು?" ಎಂದು ಗೋಡೆಯ ಕಡೆಯಿಂದ ಪ್ರಶ್ನೆ ಬಂದಿತ್ತು. ಅದು ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು.

ಪಂಪಾಪತಿ ಒಳಗೆ ಬಂದು ತನ್ನ ಬಿರುಕಿನ ಮುಂದೆ ಕೂತ. ಬೆನ್ನ ಹಿಂದೆ ಮಾತು ಕೇಳಿಸಿತು.

"ಯಂಕೋಬ, ನಿನ್ನ ರೊಟ್ಟಿ ಕೊಡು."

"ಯಾಕ? ನಿಂದು ಇಲ್ಲೇನು?"

"ಎರಡು ಬೇಕು. ಒಂದನ್ನ ನಾಕು ಮಾಡ್ತೀನಿ, ಒಂದನ್ನ ಮೂರು."

"ಆಮ್ಯಾಲ ತಿರುಗಿ ಕೊಡ್ತಿಯಿಲ್ಲೋ?"

"ಕೊಡ್ತೀನಿ. ಏ, ನಿಮ್ಮವ್ವ ಎಷ್ಟು ಸಣ್ಣ ರೊಟ್ಟಿ ಬಡಿತಾಳೋ!"

"ನಮ್ಮವ್ವನ ಸುದ್ದಿಗೆ ಬರಬ್ಯಾಡ."

"ಸಣ್ಣದಿದ್ರ ಲೆಕ್ಕ ಬರಂಗಿಲ್ಲೋ. ಎರಡೂ ಒಂದ ಅಳತಿ ಇರಬೇಕು. ತಡಿ, ನನ್ನ ರೊಟ್ಟಿ ಅಂಚು ಹರೀತೀನಿ."

ಪಂಪಾಪತಿಯ ಬೆನ್ನು ನೆಟ್ಟಗಾಯಿತು. ಎರಡೂ ಒಂದೇ ಅಳತೆ ಇರಬೇಕು ಎಂದು ಅವನು ಅವಳಿಗೆ ಕಲಿಸಿರಲಿಲ್ಲ. ಅದನ್ನು ಹೇಳಬೇಕೆಂದು ಅವನಿಗೆ ಹೊಳೆದಿರಲೂ ಇಲ್ಲ.

ರೊಟ್ಟಿ ಹರಿಯುವ ಸದ್ದು.

"ಇದರಾಗ ಒಂದು ತುಂಡು ತಗದ್ರ ಮುಕ್ಕಾಲು ಉಳೀತು," ಎಂದಳು ಹುಲಿಗೆಮ್ಮ ತನಗೆ ತಾನೇ. "ಅದರಾಗ ಒಂದು ತುಂಡು ತಗದ್ರ ಮೂರರಾಗ ಎರಡು ಉಳೀತು. ತಗದ ತುಂಡು ಅದರದ ದೊಡ್ಡದು. ದೊಡ್ಡದು ಹೋದ್ರ ಉಳದದ್ದು..." ಅವಳು ನಿಂತಳು. "ಸರ! ಮುಕ್ಕಾಲ ದೊಡ್ಡದು!"

ಶಭಾಷ್ ಎಂಬ ಮಾತು ಪಂಪಾಪತಿಯ ಗಂಟಲವರೆಗೆ ಬಂತು. ಅವನು ಅದನ್ನು ನುಂಗಿದ.

"ನಿನಗ ಹೆಂಗ ಗೊತ್ತು?"

"ಕಣ್ಣ ಮುಂದ ಐತಲ್ರಿ! ಇತ್ತಾಗ ತಿರುಗಿ ನೋಡ್ರಿ ಬೇಕಾದ್ರ!"

ಅವನು ತಿರುಗಲಿಲ್ಲ. ಆ ವರ್ಷ ಅವನು ಕಲಿಸಿದ ಒಳ್ಳೆಯ ಪಾಠ ಅದು.

ಆ ದಿನದಿಂದ ಪಡಸಾಲೆಯಲ್ಲಿ ಗದ್ದಲ ಶುರುವಾಯಿತು. ಮಕ್ಕಳು ಗೋಡೆಗೆ ಉತ್ತರ ಹೇಳುವುದನ್ನು ಬಿಟ್ಟು ಒಬ್ಬರ ಮೇಲೊಬ್ಬರು ಬಿದ್ದರು. ಇಪ್ಪತ್ತೇಳನ್ನು ಒಡೆಯಲು ಬರುವುದಿಲ್ಲವೆಂದು ಯಂಕೋಬ ಹಟ ಹಿಡಿದ. ಹುಲಿಗೆಮ್ಮ ಹುಣಸೆ ಬೀಜ ತಂದು ಒಂಬತ್ತರ ಮೂರು ಸಾಲು ಇಟ್ಟಳು. ಲೆಕ್ಕ ಕೆಡಲೆಂದು ಅವನು ಒಂದು ಬೀಜ ತಿಂದು ನೋಡಿದ. ಆದರೂ ಮನಸ್ಸಿನಲ್ಲಿ ಸೋತಿದ್ದ. ರೊಟ್ಟಿ ಹೋಗಿ ಪಾಟಿಯ ಮೇಲೆ ಗೆರೆ ಬಂತು, ಗೆರೆ ಹೋಗಿ ಬರೀ ಲೆಕ್ಕ ಉಳಿಯಿತು. ಪಂಪಾಪತಿ ಅವರಿಗೆ ಇನ್ನೊಂದು ರೂಢಿ ಮಾಡಿಸಿದ: ಬಾರದ ಪ್ರಶ್ನೆ ಬಂದರೆ ಅದರ ಮುಂದೆ ಕೂತು ಅಳಬೇಡಿ, ಬಿಟ್ಟು ಮುಂದೆ ಹೋಗಿ, ಆಮೇಲೆ ತಿರುಗಿ ಬನ್ನಿ.

ಪರೀಕ್ಷೆ ಹತ್ತಿರ ಬಂತು.

"ಒಂದು ದಿನ ನಾ ಮೇಲ್ವಿಚಾರಕ ಆಗ್ತೀನಿ," ಎಂದರು ಅಜ್ಜನವರು. "ಎಲ್ಲಾರೂ ದೂರ ದೂರ ಕುಂದರ್ರಿ."

ಮಕ್ಕಳು ಪಾಟಿಯ ಮೇಲೆ ಬರೆಯತೊಡಗಿದರು. ಅಜ್ಜನವರು ನಡುವೆ ಅಡ್ಡಾಡಿದರು. ಹುಲಿಗೆಮ್ಮನ ಹಿಂದೆ ನಿಂತು ಪಾಟಿ ನೋಡಿ ಮುಖ ಕಿವುಚಿದರು. ಯಂಕೋಬನ ಹಿಂದೆ ನಿಂತು "ಹೂಂ, ಹೂಂ" ಎಂದು ತಲೆದೂಗಿದರು.

ಹುಲಿಗೆಮ್ಮ ಅಳಿಸಿದಳು. ಬೇರೆ ಬರೆದಳು. ಅಜ್ಜನವರು ಮತ್ತೆ ಬಂದು ಮುಖ ಕಿವುಚಿದರು. ಮತ್ತೆ ಅಳಿಸಿದಳು.

ಕೊನೆಗೆ ಪಂಪಾಪತಿ ಪಾಟಿಗಳನ್ನು ನೋಡಿದ. ಅಳಿಸಿದ ಗುರುತಿನಲ್ಲಿ ಕಂಡಂತೆ, ಹುಲಿಗೆಮ್ಮ ಮೊದಲು ಬರೆದದ್ದೆಲ್ಲ ಸರಿ ಇತ್ತು. ಉಳಿಸಿಕೊಂಡದ್ದೆಲ್ಲ ತಪ್ಪಿತ್ತು.

ಅವಳು ಅಳುತ್ತಲೇ ಅಜ್ಜನವರ ಮೇಲೆ ಜಗಳಕ್ಕೆ ಹೋದಳು.

"ನೀವ ಮುಖ ಕಿವುಚಿದ್ರಲ್ರಿ ಅಜ್ಜಾರ! ತಪ್ಪಾಗೈತಿ ಅನಕೊಂಡೆ."

"ನನ್ನ ಹಲ್ಲು ನೋಯಾಕತ್ತಿತ್ತವಾ."

"ಮತ್ತ ಯಂಕೋಬನ ಪಾಟಿ ನೋಡಿ ಹೂಂ ಹೂಂ ಅಂದ್ರಿ? ಅವಂದು ಅರ್ಧ ತಪ್ಪೈತಿ!"

"ನಿದ್ದಿ ಬರಾಕತ್ತಿತ್ತು."

ಹುಲಿಗೆಮ್ಮ ಮೂಗು ಒರೆಸಿಕೊಂಡು ಅವರನ್ನು ದಿಟ್ಟಿಸಿದಳು. ಆ ದಿನ ಅಜ್ಜನವರ ಜೊತೆ ಮತ್ತೆ ಮಾತಾಡಲಿಲ್ಲ. ದೊಡ್ಡವರ ಮುಖದ ಬಗ್ಗೆ ಅವಳಿಗಿದ್ದ ಗೌರವ ಅಲ್ಲಿಗೆ ಮುಗಿಯಿತು. ಅದರಿಂದ ಅವಳಿಗೆ ಲಾಭವೇ ಆಯಿತು.

ಮುಂದಿನ ಸಲ ಅಜ್ಜನವರು ಅವಳ ಹಿಂದೆ ನಿಂತು ಮುಖ ಕಿವುಚಿ, ಸಾಲದ್ದಕ್ಕೆ ಲೊಚಗುಟ್ಟಿದರು. ಹುಲಿಗೆಮ್ಮ ಪಾಟಿಯಿಂದ ತಲೆ ಎತ್ತಲಿಲ್ಲ.

"ಹಲ್ಲಿಗೆ ಲವಂಗ ಇಟಗೋರಿ ಅಜ್ಜಾರ," ಎಂದು ಬರೆಯುತ್ತಲೇ ಇದ್ದಳು.

ಪರೀಕ್ಷೆಯ ದಿನ ದುರಗಪ್ಪ ಎಲ್ಲರನ್ನೂ ಹೊಳೆ ದಾಟಿಸಿದ. ಇಳಿಯುವಾಗ ಪಂಪಾಪತಿಯ ತೋಳು ಹಿಡಿದ.

"ಮಾಸ್ತರ, ನಾಳಿಂದ ಹೊಲದಾಗ ಕಾಯಿ ಬಿಡಸಾಕ ಆಕಿನ್ನ ಬರಾಕ ಹೇಳ್ಯಾರ. ಇನ್ನೂ ಹೂಂ ಅಂದಿಲ್ಲ ನಾ."

"ಅನಬ್ಯಾಡ," ಎಂದ ಪಂಪಾಪತಿ. ಧ್ವನಿ ಗಟ್ಟಿಯಾಗಿಯೇ ಬಂತು.

ಪರೀಕ್ಷೆ ನಡೆಯುವ ಕೋಣೆಗೆ ದೊಡ್ಡ ಕಿಟಕಿಗಳಿದ್ದವು. ಹೊರಗೆ ಬೇರೆ ಊರುಗಳ ಮಾಸ್ತರರು, ಅಪ್ಪಂದಿರು ಮೂಕಾಭಿನಯ ನಡೆಸಿದ್ದರು. ಒಬ್ಬ ಬೆರಳು ತೋರಿಸುತ್ತಿದ್ದ. ಒಬ್ಬ ಕಿವಿ ಎಳೆದುಕೊಳ್ಳುತ್ತಿದ್ದ. ಒಬ್ಬ ಗಾಳಿಯಲ್ಲಿ ತ್ರಿಕೋನ ಬರೆಯುತ್ತಿದ್ದ. ಕಾವಲಿನವನು ಓಡಿಸಿದರೆ ಇನ್ನೊಂದು ಕಿಟಕಿಗೆ ಹೋಗುತ್ತಿದ್ದರು. ಇಷ್ಟು ಶ್ರದ್ಧೆ ವರ್ಷವಿಡೀ ಇದ್ದಿದ್ದರೆ ಆ ದಿನ ಮನೆಯಲ್ಲೇ ಇರಬಹುದಿತ್ತು.

ಪಂಪಾಪತಿ ಅವರ ಹಿಂದೆ ನಿಂತ. ಹುಲಿಗೆಮ್ಮ ಮೂರನೆಯ ಸಾಲಿನಲ್ಲಿದ್ದಳು. ಮೊದಲು ಕೈ ಓಡುತ್ತಿತ್ತು. ಆಮೇಲೆ ನಿಂತಿತು.

ಮೇಲ್ವಿಚಾರಕ ಅವಳ ಮೇಜಿನ ಬಳಿ ಬಂದು ಕಾಗದ ನೋಡಿ ತಲೆ ಅಲ್ಲಾಡಿಸಿ ಹೋದ. ಯಾಕೆಂದು ಅವನಿಗೇ ಗೊತ್ತು.

ಹುಲಿಗೆಮ್ಮ ರಬ್ಬರು ಕೈಗೆತ್ತಿಕೊಂಡಳು. ಹಿಡಿದುಕೊಂಡೇ ಕೂತಳು. ಆಮೇಲೆ ತಲೆ ಎತ್ತಿ ಕಿಟಕಿಗಳ ಕಡೆ ನೋಡಿದಳು. ಒಂದು ಕಿಟಕಿ, ಇನ್ನೊಂದು ಕಿಟಕಿ. ಅವಳಿಗೆ ಪಂಪಾಪತಿ ಕಂಡ.

ಅಷ್ಟು ದೂರದಿಂದ ಅವನಿಗೆ ಪ್ರಶ್ನೆಯೂ ಕಾಣುತ್ತಿರಲಿಲ್ಲ, ಉತ್ತರವೂ ಕಾಣುತ್ತಿರಲಿಲ್ಲ. ಆದರೂ ತನ್ನ ಮುಖ ಏನಾದರೂ ಹೇಳಿಯೇ ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವಳ ಕಣ್ಣು ತನ್ನ ಮೇಲೆ ನಿಂತದ್ದೂ ತಿಳಿಯಿತು.

ಅವನು ಬೆನ್ನು ತಿರುಗಿಸಿದ.

ಎದುರಿಗೆ ಕಾಂಪೌಂಡು ಗೋಡೆ ಇತ್ತು. ಒಂದು ಆಡು ಅದರ ಮೇಲಿನ ಹಳೆಯ ಚುನಾವಣೆಯ ಪೋಸ್ಟರು ತಿನ್ನುತ್ತಿತ್ತು. ಗಂಟೆ ಹೊಡೆಯುವವರೆಗೂ ಪಂಪಾಪತಿ ಅದನ್ನೇ ನೋಡುತ್ತ ನಿಂತ. ತಿರುಗಿ ನೋಡಬೇಕೆಂದು ಕತ್ತು ಸೆಳೆಯಿತು. ನೋಡಲಿಲ್ಲ.

ಮಕ್ಕಳು ಹೊರಗೆ ಓಡಿಬಂದರು. ಯಂಕೋಬ ಅವನ ಅಂಗಿ ಹಿಡಿದು ಜಗ್ಗಿದ.

"ಸರ, ಆ ನೀರಿನ ತೊಟ್ಟಿ ಲೆಕ್ಕದ್ದು ಐವತ್ತ ಅಲ್ರಿ? ಐವತ್ತ ಅಲ್ರಿ?"

ಉಳಿದವರೂ ಮುತ್ತಿಕೊಂಡರು. ಹುಲಿಗೆಮ್ಮ ಕೊನೆಗೆ ಬಂದಳು. ಪೆನ್ಸಿಲನ್ನು ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದಳು.

"ಬಾಳೆಹಣ್ಣು ತಂದೀರೇನ್ರಿ ಸರ?"

ಕೊಟ್ಟ. ತಿಂದಳು. ಬೇರೆ ಏನೂ ಕೇಳಲಿಲ್ಲ. ಹರಿಗೋಲಿನಲ್ಲಿ ಅಪ್ಪನ ಕಾಲ ಬಳಿ ಮುದುಡಿ ನಿದ್ದೆ ಹೋದಳು. ದುರಗಪ್ಪ ಹುಟ್ಟು ಹಾಕುತ್ತ ಪಂಪಾಪತಿಯ ಮುಖ ನೋಡಿದ. ಪಂಪಾಪತಿ ನೀರು ನೋಡಿದ.

ಫಲಿತಾಂಶದ ಮಾತನ್ನು ಇಲ್ಲೇ ಹೇಳಿಬಿಡಬಹುದು. ಅದು ಬಂದಾಗ ಪಾಸಾದವರಲ್ಲಿ ಹುಲಿಗೆಮ್ಮನ ಹೆಸರು ಮೇಲೆಯೇ ಇತ್ತು. ಯಂಕೋಬನ ಹೆಸರು ಕೆಳಗಿತ್ತು, ಆದರೆ ಇತ್ತು. ಅಜ್ಜನವರ ಆಶೀರ್ವಾದ ಎಂದು ಊರವರು ಕಾಯಿ ಒಡೆದರು. ರೊಟ್ಟಿಯ ಸುದ್ದಿ ಯಾರೂ ಎತ್ತಲಿಲ್ಲ.

ಆ ಸಂಜೆ ಮಾತ್ರ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಪಂಪಾಪತಿ ಹರಿಗೋಲು ಇಳಿದು ನೇರ ಅಜ್ಜನವರ ಬಳಿಗೆ ಹೋದ. ಅವರು ದಡದ ಕಲ್ಲಿನ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟಿದ್ದರು.

"ಅಜ್ಜಾರ, ಒಂದು ತಪ್ಪು ಮಾಡಿದ್ನೋ ಏನೋ. ನಡುವ ಆಕಿ ನನ್ನ ನೋಡಿದ್ಲು. ನಾ ಬೆನ್ನು ತಿರುಗಿಸಿಬಿಟ್ಟೆ."

"ಹೂಂ."

"ಧೈರ್ಯ ಕೊಡಬೇಕಾಗಿತ್ತೇನ್ರಿ? ಸ್ವಲ್ಪ ನಕ್ಕಿದ್ರ ಸಾಕಿತ್ತೇನೋ. ಆಕಿ ಅಳಿಸಿದ್ಲೋ, ಹಂಗ ಬಿಟ್ಲೋ, ಅದೂ ಗೊತ್ತಿಲ್ಲ."

"ಹೊರಗ ಬಂದು ಏನಂದ್ಲು?"

"ಬಾಳೆಹಣ್ಣು ಕೇಳಿದ್ಲು."

"ಉತ್ತರ ಸರಿ ಐತೋ ಇಲ್ಲೋ ಕೇಳಿದ್ಲೇನು?"

"ಇಲ್ರಿ. ಉಳದವರೆಲ್ಲ ಕೇಳಿದ್ರು. ಆಕಿ ಕೇಳಲಿಲ್ಲ."

ಅಜ್ಜನವರು ನೀರಿನಲ್ಲಿ ಕಾಲು ಆಡಿಸಿದರು.

ಪಂಪಾಪತಿ ಬಗ್ಗಿ ಅವರ ಮುಖ ನೋಡಿದ.

"ನಾ ಮಾಡಿದ್ದು ಸರಿ ಆತೇನ್ರಿ ಅಜ್ಜಾರ?"

"ಆಕಿ ಕೇಳಲಿಲ್ಲ ಅಂದಿ. ನೀ ಯಾಕ ಕೇಳಾಕತ್ತಿ?"